ಐದನೇ ಭೇಟಿ

ಕಚೇರಿಯಲ್ಲಿ ಅವಳಿಗೆ ಇಟ್ಟ ಹೆಸರು ಬೀಗದಕೈ. ಜೊತೆಗೆ ಕೆಲಸ ಮಾಡುವ ಇಬ್ಬರು ಹುಡುಗಿಯರಿಗೆ ತೆರೆಯದ ಬಾಗಿಲು ಅವಳಿಗೆ ತೆರೆಯುತ್ತಿತ್ತು, ಅದಕ್ಕೇ ಆ ಹೆಸರು. ವಯಸ್ಸು ಐವತ್ತಾರು. ಮಾತು ಅರಳು ಹುರಿದ ಹಾಗೆ. ಎಡ ಮಂಡಿ ಮಾತ್ರ ಆಗಾಗ ಕೈ ಕೊಡುತ್ತಿತ್ತು. ಮಂಡಿ ಹೇಗೆ ಕೈ ಕೊಡುತ್ತೆ ಅಂತ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವಳ ಗಂಡ ಪ್ರತಿ ಸಲ ಕೇಳಿ, ಪ್ರತಿ ಸಲ ತಾನೇ ನಗುತ್ತಿದ್ದ.

ಕೆಲಸ ಕೇಳಿದರೆ ಸುಲಭ. ಎಪ್ಪತ್ತೈದು ದಾಟಿದವರು ದಿನಕ್ಕೆ ಎಷ್ಟು ನಡೆಯುತ್ತಾರೆ, ಎಷ್ಟು ಹೊತ್ತು ಕೂತಿರುತ್ತಾರೆ ಎಂದು ತಿಳಿದುಕೊಳ್ಳುವ ಒಂದು ಅಧ್ಯಯನ. ಒಪ್ಪಿದವರ ಸೊಂಟಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಏಳು ದಿನ ಕಟ್ಟಬೇಕು. ಅಷ್ಟೇ. ಆದರೆ ಕಟ್ಟಿಸಿಕೊಳ್ಳುವವರು ಯಾರು ಅನ್ನುವುದರಲ್ಲಿ ಇತ್ತು ಎಲ್ಲ ತಾಪತ್ರಯ. ಊರಿನ ದಾಖಲೆ ಪುಸ್ತಕದಿಂದ ಚೀಟಿ ಎತ್ತಿದ ಹಾಗೆ ನಾನೂರು ಜನರನ್ನು ಆರಿಸಿ, ಮೂವರು ಹೆಂಗಸರಿಗೆ ಹಂಚಿದ್ದರು. ಪಟ್ಟಿಯಲ್ಲಿದ್ದವರೇ ಬೇಕು. ಅವರ ಅಣ್ಣ ಆಗದು, ಪಕ್ಕದ ಮನೆಯವರು ಆಗದು, "ಅಯ್ಯೋ ಅವಳಿಗೇನು ಗೊತ್ತಮ್ಮ, ನನಗೆ ಕಟ್ಟು" ಎಂದು ಮುಂದೆ ಬರುವ ಯಾರೂ ಆಗದು. ಒಂದೊಂದು ಮನೆಗೂ ಬೇರೆ ಬೇರೆ ದಿನ ಐದು ಸಲ ಹೋಗಬೇಕು. ಐದೂ ಸಲ ಬಾಗಿಲು ತೆರೆಯದಿದ್ದರೆ ಆ ಹೆಸರಿನ ಮುಂದೆ ‘ಉತ್ತರವಿಲ್ಲ’ ಎಂದು ಬರೆದು ಮುಗಿಸಬೇಕು. ಆರನೇ ಸಲ ಎಂಬುದಿಲ್ಲ.

ಅಧ್ಯಯನದ ಮುಖ್ಯಸ್ಥೆ ಡಾಕ್ಟರಮ್ಮ ಮೊದಲ ದಿನವೇ ಕಡ್ಡಿ ಮುರಿದ ಹಾಗೆ ಹೇಳಿದ್ದರು. "ಕರೆದ ಕೂಡಲೇ ಓಡಿ ಬರೋರು ಓಡಾಡೋರೇ. ಅವರನ್ನೇ ಎಣಿಸಿದ್ರೆ ಈ ಊರಲ್ಲಿರೋ ಮುದುಕರೆಲ್ಲ ಓಟಗಾರರು ಅಂತ ವರದಿ ಬರುತ್ತೆ. ಆಮೇಲೆ ಲಿಫ್ಟು ಯಾಕೆ, ಬೆಂಚು ಯಾಕೆ ಅಂತ ಕೇಳ್ತಾರೆ. ನನಗೆ ಬರದೇ ಇರೋರು ಬೇಕು."

ಬರದೇ ಇರುವವರನ್ನು ಕರೆತರುವುದೇ ಬೀಗದಕೈಯ ಹೆಚ್ಚುಗಾರಿಕೆ. ಅಂಚೆ ವಿಂಗಡಿಸುವ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಕಳೆದ ಮೇಲೆ ಯಂತ್ರ ಬಂದು ಅವಳನ್ನು ಮನೆಗೆ ಕಳಿಸಿತ್ತು. ನಾಲ್ಕು ವರ್ಷ ಮನೆಯಲ್ಲಿ ಕೂತಳು. ಗಂಡ ಹೊರಟ ಮೇಲೆ ಗೋಡೆ ನೋಡುವುದು, ಅವನು ಬರುವ ಮುಂಚೆ ಗೋಡೆ ನೋಡುವುದು. ಆ ನಾಲ್ಕು ವರ್ಷದ ಮಾತು ಎತ್ತಿದರೆ ಈಗಲೂ ಅವಳಿಗೆ ಉಸಿರು ಕಟ್ಟುತ್ತಿತ್ತು. ಆಮೇಲೆ ಸಿಕ್ಕಿದ್ದು ಈ ಕೆಲಸ. ಸೋಮವಾರ ಮೂವರಲ್ಲಿ ಒಬ್ಬರನ್ನು ಕಾಯಂ ಮಾಡುವವರಿದ್ದರು. ಅದು ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಹುಡುಗಿಯರಿಬ್ಬರೂ ಆಗಲೇ ಅವಳಿಗೆ ಶುಭ ಹಾರೈಸಿ, ಬೇರೆ ಕಡೆ ಅರ್ಜಿ ಹಾಕಿಯಾಗಿತ್ತು.

ಶುಕ್ರವಾರ ಮಧ್ಯಾಹ್ನ ಅವಳು ಊಟದ ಡಬ್ಬಿ ಮುಚ್ಚುತ್ತಿದ್ದಾಗ ಮೇಲ್ವಿಚಾರಕಿ ಕೈಯಲ್ಲಿ ಒಂದು ಹಾಳೆ ಹಿಡಿದು ಬಂದಳು. ಅವಳಿಗೆ ಮೂವತ್ತೆರಡು ಇದ್ದಿರಬಹುದು, ನಮ್ಮ ಬೀಗದಕೈಗೆ ಮಗಳಿದ್ದಿದ್ದರೆ ಅಷ್ಟೇ ವಯಸ್ಸು. ಕೆಟ್ಟವಳಲ್ಲ, ಆದರೆ ಮೊಸರಲ್ಲೂ ಕಲ್ಲು ಹುಡುಕುವವಳು.

"ಮರುಪರಿಶೀಲನೆ ಇವತ್ತೇ ಮುಗಿಸಬೇಕಂತೆ. ‘ಉತ್ತರವಿಲ್ಲ’ ಅಂತ ಬರೆದ ಮನೆಗಳಲ್ಲಿ ಒಬ್ಬೊಬ್ಬರ ಪಟ್ಟಿಯಿಂದ ಒಂದೊಂದು ಚೀಟಿ ಎತ್ತಿದ್ದೀವಿ. ನಾನೇ ಹೋಗಿ ಬಾಗಿಲು ಬಡೀತೀನಿ. ನಿಮ್ಮದರಲ್ಲಿ ನೂರಾ ಹದಿನೇಳು ಬಂದಿದೆ. ಅಲ್ಲಿಗೆ ನಾಲ್ಕು ಗಂಟೆಗೆ."

"ನೂರಾ ಹದಿನೇಳಾ?" ಅಂದಳು ಬೀಗದಕೈ. ಡಬ್ಬಿಯ ಮುಚ್ಚಳ ಸರಿಯಾಗಿ ಕೂರಲಿಲ್ಲ.

"ನಾಲ್ಕನೇ ಮಹಡಿ. ಐದು ಸಲ ಹೋಗಿದ್ದೀರಲ್ಲ. ಗಾಬರಿ ಏನಿಲ್ಲ, ಶಾಸ್ತ್ರಕ್ಕೆ ಒಂದು ನೋಟ." ಹಾಗಂದು ಸುಮ್ಮನೆ ಹೋಗಬಹುದಿತ್ತು. ಹೋಗದೆ, "ಬರೆದದ್ದು ಒಂದು ಸುಳ್ಳಾದ್ರೂ ಆ ಕೆಲಸಗಾರರಿಗೆ ಕೆಲಸ ಇಲ್ಲ, ಅವರ ಪಟ್ಟಿ ಪೂರ್ತಿ ಇನ್ನೊಬ್ಬರು ಮತ್ತೆ ನೋಡಬೇಕು ಅಂತ ಡಾಕ್ಟರಮ್ಮ ಮತ್ತೆ ಜ್ಞಾಪಿಸಿದ್ದಾರೆ. ನಿಮಗೆ ಹೇಳಬೇಕಾಗಿಲ್ಲ ಬಿಡಿ" ಎಂದು ಸೇರಿಸಿದಳು.

ಬೀಗದಕೈ ನಕ್ಕಳು. ನೂರಾ ಹದಿನೇಳಕ್ಕೆ ಅವಳು ಹೋಗಿದ್ದು ನಾಲ್ಕೇ ಸಲ.

ಕಳೆದ ವಾರ ಮಂಗಳವಾರದ ಮಾತು. ಆ ಕಟ್ಟಡದ ಲಿಫ್ಟು ಕೆಟ್ಟಿತ್ತು, ಮಂಡಿ ಬೆಳಗಿನಿಂದಲೇ ಊದಿತ್ತು. ನಾಲ್ಕು ಸಲ ಬಡಿದರೂ ತೆರೆಯದ ಬಾಗಿಲು ಐದನೇ ಸಲ ತೆರೆಯುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡು, ಕೆಳಗೆ ಬಾಗಿಲ ಬಳಿಯ ಕಲ್ಲುಬೆಂಚಿನ ಮೇಲೆ ಕೂತಳು. ಕೂತಲ್ಲಿಯೇ ಹಾಳೆ ತೆಗೆದು ‘ಐದನೇ ಭೇಟಿ, ಬೆಳಿಗ್ಗೆ ಹತ್ತು ನಲವತ್ತು, ಉತ್ತರವಿಲ್ಲ’ ಎಂದು ದುಂಡಗೆ ಬರೆದಳು. ಎಂಬತ್ತು ಬಾಗಿಲು ತೆರೆಸಿದವಳಿಗೆ ಒಂದು ಬಾಗಿಲು ಬಿಡುವ ಹಕ್ಕಿಲ್ಲವೇ ಎಂಬ ಒಂದು ಬಗೆಯ ಬಿಗುಮಾನ. ಸುಸ್ತಾದಾಗ ಮನುಷ್ಯ ತನ್ನ ಜೊತೆ ಎಷ್ಟು ಸಲಿಗೆಯಿಂದ ಇರುತ್ತಾನೆ ನೋಡಿ.

ಆಗ ಪಕ್ಕದಲ್ಲಿ ಆ ಕಟ್ಟಡದಲ್ಲೇ ಇರುವ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು ಬೇರೆ ಕೂತಿದ್ದರು.

ಈಗ ಅವಳು ಹಲ್ಲುನೋವು ಎಂದು ಹೇಳಿ ಎರಡೂವರೆಗೆ ಕಚೇರಿಯಿಂದ ಹೊರಬಿದ್ದಳು. ಬಸ್ಸಿನಲ್ಲಿ ನಿಂತೇ ಲೆಕ್ಕ ಹಾಕಿದಳು. ಆ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಸರಿ. ಮೇಲ್ವಿಚಾರಕಿ ಬಡಿಯುತ್ತಾಳೆ, ಯಾರೂ ತೆರೆಯುವುದಿಲ್ಲ, ಬರೆದದ್ದು ನಿಜವಾಗುತ್ತದೆ. ಯಾರಾದರೂ ಇದ್ದರೆ? ಇದ್ದರೆ ಮೊದಲು ತಾನು ಅವರ ಕೈಕಾಲು ಹಿಡಿಯಬೇಕು. ಹಿಡಿದು ಏನು ಕೇಳಬೇಕು ಎನ್ನುವುದನ್ನು ಅವಳು ಬಸ್ಸಿಳಿಯುವ ತನಕ ಯೋಚಿಸಲೇ ಇಲ್ಲ. ಯೋಚಿಸಲು ನಾಚಿಕೆಯಾಗುತ್ತಿತ್ತು.

ಡ್ರಿಲ್ ಮೇಷ್ಟ್ರು ಅದೇ ಬೆಂಚಿನ ಮೇಲೆ, ಅದೇ ಬಿಳಿ ಬೂಟು ಹಾಕಿಕೊಂಡು ಕೂತಿದ್ದರು. ಎಂಬತ್ತೊಂದು ವಯಸ್ಸು, ಬೆನ್ನು ಮಾತ್ರ ಅಳತೆಗೋಲು. ನೆಲಮಹಡಿಯ ಮನೆ. ದಿನಕ್ಕೆ ಎರಡು ಹೊತ್ತು ಬಡಾವಣೆ ಸುತ್ತುತ್ತಾರೆ, ಸುತ್ತಿದ್ದನ್ನು ಸಿಕ್ಕಿದವರಿಗೆಲ್ಲ ಹೇಳುತ್ತಾರೆ. ಪಟ್ಟಿಯಲ್ಲಿ ತಮ್ಮ ಹೆಸರಿಲ್ಲ ಎನ್ನುವುದು ಅವರಿಗೆ ಜೀವಮಾನದ ಅವಮಾನವಾಗಿತ್ತು.

"ಬಂದ್ರಾ ತಾಯಿ! ಇನ್ನೂ ಒಂದು ಹೆಸರು ಖಾಲಿ ಇದೆಯಾ?"

"ಇಲ್ಲ ಮೇಷ್ಟ್ರೇ, ಅದು ಹಾಗೆಲ್ಲ ಆಗಲ್ಲ."

"ಮೇಲಿನ ಮನೆಯಾಕೆ ಬಾಗಿಲೇ ತೆಗೆಯಲ್ಲ ಅಂದ್ರಲ್ಲ ಅವತ್ತು. ಆಕೆ ಬದಲು ನನ್ನನ್ನ ಹಾಕ್ಕೊಳ್ಳಿ. ದಿನಕ್ಕೆ ಹನ್ನೊಂದು ಸಾವಿರ ಹೆಜ್ಜೆ! ನಿಮ್ಮ ಯಂತ್ರಾನೇ ಸುಸ್ತಾಗಬೇಕು." ತಮ್ಮ ಮಾತಿಗೆ ತಾವೇ ಗಹಗಹಿಸಿ ನಕ್ಕರು. "ನಿಮಗೂ ಒಳ್ಳೇದೇ. ಅವತ್ತು ಮಂಗಳವಾರ ಇಲ್ಲೇ ನನ್ನ ಜೊತೆ ಅರ್ಧ ಗಂಟೆ ಕೂತು, ಮೇಲೆ ಹತ್ತದೇನೇ ಹೊರಟ್ರಿ ಪಾಪ. ಕಾಲುನೋವು ಅಂದ್ರೆ ಸುಮ್ನೆನಾ?"

ಅವರು ಹೇಳಿದ್ದು ಮರುಕದಿಂದಲೇ. ಬೀಗದಕೈ ಮಾತ್ರ ಹಾವು ತುಳಿದವಳ ಹಾಗೆ ನಿಂತುಬಿಟ್ಟಳು. ಇದೇ ಮಾತನ್ನು ಇದೇ ಬಾಯಿ ಇನ್ನೊಂದು ಗಂಟೆಯಲ್ಲಿ ಮೇಲ್ವಿಚಾರಕಿಯ ಮುಂದೆ ಹೇಳುವುದಿಲ್ಲ ಎಂದು ಏನು ಖಾತರಿ?

"ಮೇಷ್ಟ್ರೇ, ನಾಲ್ಕು ಗಂಟೆಗೆ ಇಲ್ಲೇ ಇರ್ತೀರಾ?" ಎಂದು ತುಸು ಹಗುರವಾಗಿ ಕೇಳಿದಳು.

"ನಾಲ್ಕಕ್ಕಾ? ಛೆ! ಮೂರೂವರೆಗೆ ಹೊರಟ್ರೆ ನಾನು ಬರೋದು ಐದಕ್ಕೆ. ಒಂದು ನಿಮಿಷ ಆಚೀಚೆ ಇಲ್ಲ."

ಅವಳು ಆ ಬಿಳಿ ಬೂಟುಗಳಿಗೆ ಮನಸ್ಸಿನಲ್ಲೇ ಕೈ ಮುಗಿದು ಮೆಟ್ಟಿಲು ಹತ್ತತೊಡಗಿದಳು. ಲಿಫ್ಟಿನ ಮೇಲೆ ‘ಕೆಟ್ಟಿದೆ’ ಎಂಬ ಕಾಗದ ಇನ್ನೂ ಇತ್ತು. ಯಾರೋ ಅದರ ಕೆಳಗೆ ‘ಗೊತ್ತು’ ಎಂದು ಬರೆದಿದ್ದರು.

ಮೊದಲ ಮಹಡಿಗೆ ಮಂಡಿ ಗೊಣಗಿತು. ಎರಡಕ್ಕೆ ಬೈಯಿತು. ಮೂರಕ್ಕೆ ಅವಳು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಡುತ್ತ ಮಗುವಿನ ಹಾಗೆ ಏರಿದಳು. ನಾಲ್ಕನೇ ಮಹಡಿಯ ಕಂದು ಬಾಗಿಲನ್ನು ಬಡಿದಳು. ಒಳಗೆ ಸದ್ದಿಲ್ಲ. ಇನ್ನೊಮ್ಮೆ ಬಡಿದಳು. ಸದ್ದಿಲ್ಲ. ಯಾರೂ ಇಲ್ಲ! ದೇವರು ದೊಡ್ಡವನು! ಇನ್ನು ಇಳಿದು ಹೋಗಬಹುದು. ಆದರೆ ಇಳಿಯಲು ಕಾಲು ಒಪ್ಪಲಿಲ್ಲ. ಎರಡು ನಿಮಿಷ ಸುಧಾರಿಸಿಕೊಳ್ಳೋಣ ಎಂದು ಬಾಗಿಲ ಎದುರಿನ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಂಡಳು.

ಎರಡು ನಿಮಿಷ ಆಯಿತು, ಮೂರು ಆಯಿತು. ಎದ್ದೇಳಬೇಕು ಎನ್ನುವಷ್ಟರಲ್ಲಿ ಒಳಗಿನಿಂದ ಏನೋ ನೆಲಕ್ಕೆ ಉಜ್ಜಿದ ಸದ್ದು. ಚಿಲಕ ಸರಿಯಿತು. ಬಾಗಿಲು ತೆರೆಯಿತು.

ಹೊಸ್ತಿಲಲ್ಲಿ ಒಬ್ಬ ಅಜ್ಜಿ ನಿಂತಿದ್ದಳು. ಗಿಡ್ಡ ದೇಹ, ಎಣ್ಣೆ ಹಾಕಿ ಬಾಚಿದ ಬಿಳಿ ಕೂದಲು. ಒಂದು ಕೈಯಲ್ಲಿ ಬೆನ್ನಿಲ್ಲದ ಮರದ ಕುರ್ಚಿ, ಇನ್ನೊಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ಮೂಗಿನ ತುದಿಯಲ್ಲಿ ಬೆವರು. ಅವಳು ಬೀಗದಕೈಯನ್ನು ಅಡಿಯಿಂದ ಮುಡಿವರೆಗೆ ನೋಡಿದಳು, ಕತ್ತಿನಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯನ್ನೂ ನೋಡಿದಳು.

"ನೀನೇನಾ," ಅಂದಳು. "ಅಬ್ಬಾ. ಒಂದು ಸಲನಾದ್ರೂ ಸಿಕ್ಕಿದೆಯಲ್ಲ. ಬಾ ಒಳಗೆ."

ಬೀಗದಕೈ ಒಳಗೆ ಬಂದಳು. ಉದ್ದನೆಯ ಕಿರಿದಾದ ಮನೆ. ಮುಂಬಾಗಿಲಿನಿಂದ ಹಿಂದಿನ ಕೋಣೆಯ ಮಂಚದ ತನಕ ಗೋಡೆಗುಂಟ ಸಾಮಾನು ಜೋಡಿಸಿಟ್ಟಿತ್ತು. ಮೊದಲು ಮೇಜು, ಆಮೇಲೆ ಕಬ್ಬಿಣದ ಪೆಟ್ಟಿಗೆ, ಆಮೇಲೆ ಹೊಲಿಗೆ ಯಂತ್ರ. ಒಂದನ್ನು ಬಿಡುವ ಮುಂಚೆ ಇನ್ನೊಂದು ಕೈಗೆ ಸಿಗುವಷ್ಟು ದೂರದಲ್ಲಿ. ಜೊತೆಗಿರುವ ತಂಗಿಯ ಮಗಳು ಹಾಗೆ ಜೋಡಿಸಿದ್ದಳಂತೆ, ಅವಳು ಬೇಕರಿಯ ಕೆಲಸಕ್ಕೆ ಬೆಳಿಗ್ಗೆ ಹೋದರೆ ಬರುವುದು ಸಂಜೆ ಆರಕ್ಕೆ. ಅಜ್ಜಿ ಕುರ್ಚಿಯನ್ನು ಮುಂದಕ್ಕೆ ತಳ್ಳಿ, ಅದರ ಮೇಲೆ ಭಾರ ಬಿಟ್ಟು, ಒಂದು ಹೆಜ್ಜೆ ಇಡುತ್ತಿದ್ದಳು. ಮತ್ತೆ ತಳ್ಳಿ ಮತ್ತೊಂದು.

"ಕೈ ಹಿಡೀಲಾ?"

"ಬೇಡ. ಹಿಡಿದ್ರೆ ನನ್ನ ತಾಳ ತಪ್ಪುತ್ತೆ."

ಮಂಚದ ತನಕ ಹೋಗಿ ಕೂರಲು ಅವಳಿಗೆ ಹಿಡಿದ ಹೊತ್ತನ್ನು ಬೀಗದಕೈ ಗೋಡೆಯ ಗಡಿಯಾರದಲ್ಲಿ ನೋಡಿದಳು. ನಾಲ್ಕು ನಿಮಿಷದ ಮೇಲೆ ಆಯಿತು.

"ಮೊದಲ ಸಲ ನೀನು ಬಂದಾಗ ನಾನು ಪೆಟ್ಟಿಗೆ ತನಕ ಬಂದಿದ್ದೆ," ಅಜ್ಜಿ ಉಸಿರು ಹಿಡಿದು ಹಿಡಿದು ಹೇಳಿದಳು. "ನೀನು ಬಡಿದೆ, ಮತ್ತೆ ಬಡಿದೆ, ಬಾಗಿಲ ಸಂದಿಯಿಂದ ಒಂದು ಕಾಗದ ತೂರಿಸಿ ಹೊರಟೆ. ಎರಡನೇ ಸಲ ನಾನು ಮೇಜಿನ ತನಕ ಬಂದೆ. ಬರ್ತೀನಿ ಅಂತ ಕೂಗ್ದೆ, ನನ್ನ ಗಂಟಲು ಪಕ್ಕದ ಕೋಣೆಗೂ ಕೇಳಲ್ಲ. ಮೂರನೇ ಸಲ ಸ್ನಾನಕ್ಕೆ ಹೋಗಿದ್ದೆ, ಅದು ಬಿಡು. ನಾಲ್ಕನೇ ಸಲ ಚಿಲಕಕ್ಕೆ ಕೈ ಹಾಕಿದ್ದೆ ಕಣೇ. ನೀನು ಮೆಟ್ಟಿಲು ಇಳಿಯೋದು ಕೇಳಿಸ್ತಿತ್ತು."

ಬೀಗದಕೈ ಬಾಗಿಲ ಚಿಲಕದ ಕಡೆ ತಿರುಗಿ ನೋಡಿದಳು.

"ಐದನೇದು ಮಂಗಳವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ ಅಂತ ಕಾಗದದಲ್ಲಿ ಬರೆದಿದ್ದೆ ನೀನು. ಅವತ್ತು ನಾನು ಬುದ್ಧಿವಂತಿಕೆ ಮಾಡ್ದೆ. ಒಂಬತ್ತೂವರೆಗೇ ಹೋಗಿ ಬಾಗಿಲ ಪಕ್ಕದಲ್ಲೇ ಈ ಕುರ್ಚಿ ಹಾಕ್ಕೊಂಡು ಕೂತೆ. ಕೈ ಚಿಲಕದ ಮೇಲೇ. ಹನ್ನೆರಡಾಯ್ತು, ಒಂದಾಯ್ತು. ನೀನು ಬರಲಿಲ್ಲ."

ಹೇಳಿದ್ದರಲ್ಲಿ ಸಿಟ್ಟಿರಲಿಲ್ಲ. ಬಸ್ಸು ಬರಲಿಲ್ಲ ಅನ್ನುವ ಹಾಗೆ ಹೇಳಿದಳು. ಸಿಟ್ಟಿದ್ದಿದ್ದರೆ ಬೀಗದಕೈ ಅದಕ್ಕೆ ತಕ್ಕ ಮಾತು ಹುಡುಕುತ್ತಿದ್ದಳು, ಮಾತಿಗೇನು ಬರವೇ ಅವಳಿಗೆ. ಈಗ ಇಂಗು ತಿಂದ ಮಂಗನ ಹಾಗೆ ಕೂತಳು. ಎಂಬತ್ತು ಬಾಗಿಲು ತೆರೆಸಿದೆ ಎಂದು ಬೀಗುತ್ತಿದ್ದವಳಿಗೆ ಆ ಎಂಬತ್ತೂ ಜನ ಬೇಗ ಬಾಗಿಲಿಗೆ ಬರಬಲ್ಲವರು ಎನ್ನುವುದು ಇವತ್ತಿನ ತನಕ ಹೊಳೆದಿರಲಿಲ್ಲ.

"ಅಜ್ಜಿ, ನಿಮಗೆ ಈ ಯಂತ್ರ ಕಟ್ಟಿಸ್ಕೊಳ್ಳೋಕೆ ಇಷ್ಟ ಇತ್ತಾ?"

"ಇಷ್ಟ ಇಲ್ಲದೆ ಬಾಗಿಲಲ್ಲಿ ಕಾಯ್ತಾರಾ?" ಅಜ್ಜಿ ದಿಂಬಿನ ಕೆಳಗಿಂದ ಮಡಿಚಿದ ಕಾಗದ ತೆಗೆದಳು. ನಾಲ್ಕು ಸಲವೂ ಬೀಗದಕೈ ತೂರಿಸಿದ್ದ ಅದೇ ಅಚ್ಚಿನ ಕಾಗದ. "ಇಲ್ಲಿ ಓದು. ‘ನಿಮ್ಮ ಬದಲಿಗೆ ಬೇರೆ ಯಾರನ್ನೂ ತೆಗೆದುಕೊಳ್ಳಲಾಗುವುದಿಲ್ಲ.’ ಯಾರು ಬರೆದಿದ್ದು ಇದನ್ನ?"

"ಡಾಕ್ಟರಮ್ಮ."

"ಚೆನ್ನಾಗಿ ಬರೆದಿದ್ದಾರೆ. ನಾನು ಆಸ್ಪತ್ರೆ ಬಟ್ಟೆ ಒಗೆಯೋ ಕಡೆ ಇಪ್ಪತ್ತೊಂಬತ್ತು ವರ್ಷ ಇಸ್ತ್ರಿ ಹಾಕಿದೋಳು. ಬದಲಿ ಕೆಲಸದೋಳು. ಯಾರಿಗಾದ್ರೂ ಜ್ವರ ಬಂದ್ರೆ ನಾನು, ಯಾರಾದ್ರೂ ಹೆರಿಗೆಗೆ ಹೋದ್ರೆ ನಾನು. ನನಗೆ ಜ್ವರ ಬಂದಾಗ ಇನ್ನೊಬ್ಬಳು ಬದಲಿ. ನಾನಿಲ್ಲದಿದ್ರೆ ಆಗಲ್ಲ ಅಂತ ಯಾರೂ ಬರೆದಿರಲಿಲ್ಲ." ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿದಳು. "ಈಗ ಕಟ್ಟು. ಎಲ್ಲಿ ಯಂತ್ರ?"

ಯಂತ್ರ ಇರಲಿಲ್ಲ. ಅವಳು ತಂದಿದ್ದು ಬರೀ ಒಂದು ಬೇಡಿಕೆ. ಗಡಿಯಾರ ಮೂರು ಮೂವತ್ತೈದು ತೋರಿಸುತ್ತಿತ್ತು. ಸುತ್ತಿ ಬಳಸಿ ಹೇಳಲು ಹೊತ್ತಿರಲಿಲ್ಲ, ಆ ಮುಖದ ಎದುರು ಸುತ್ತಿ ಬಳಸುವ ಧೈರ್ಯವೂ ಇರಲಿಲ್ಲ. ಮಂಗಳವಾರ ಹತ್ತದೇ ಹೋಗಿದ್ದು, ಬಂದಿದ್ದೆ ಎಂದು ಬರೆದದ್ದು, ನಾಲ್ಕಕ್ಕೆ ಮೇಲ್ವಿಚಾರಕಿ ಬರುವುದು, ಸೋಮವಾರದ ಕಾಯಂ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳುವಾಗ ತನ್ನ ಧ್ವನಿ ತನಗೇ ಅಸಹ್ಯವಾಯಿತು.

ಅಜ್ಜಿ ಕೇಳಿಸಿಕೊಂಡಳು. "ನಿನ್ನ ಯಜಮಾನಿ ಬಂದು ಕೇಳಿದ್ರೆ ನಾನು ಏನನ್ನಬೇಕು?"

"ಮಂಗಳವಾರ ನಾನು ಬಂದು ಬಡಿದಿದ್ದೆ, ನಿಮಗೆ ಏಳೋಕಾಗಲಿಲ್ಲ ಅಂತ."

"ಹಾಗಂದ್ರೆ ನನ್ನನ್ನ ಸೇರಿಸ್ಕೋತಾರಾ?"

ಬೀಗದಕೈ ಸುಳ್ಳು ಹೇಳಬಹುದಿತ್ತು. ಸೇರಿಸಿಕೊಳ್ಳುತ್ತಾರೆ ಎಂದಿದ್ದರೆ ಅಜ್ಜಿಗೆ ಗೊತ್ತಾಗುವಷ್ಟರಲ್ಲಿ ಸೋಮವಾರ ಕಳೆದಿರುತ್ತಿತ್ತು. "ಇಲ್ಲ," ಅಂದಳು. "ಐದು ಸಲ ಆದಮೇಲೆ ಮುಚ್ಚಿಬಿಡ್ತಾರೆ. ನಾಲ್ಕೇ ಸಲ ಆಗಿದೆ ಅಂತಾದ್ರೆ ಮಾತ್ರ ನಿಮಗೆ ಇನ್ನೊಂದು ಸಲ ಇದೆ."

"ಅಂದ್ರೆ ನೀನು ಒಳಗಿದ್ರೆ ನಾನು ಹೊರಗೆ. ನಾನು ಒಳಗಿದ್ರೆ ನೀನು ಹೊರಗೆ."

"ಹೌದು," ಅಂದಳು ಬೀಗದಕೈ.

ಅಜ್ಜಿ ಕಾಗದವನ್ನು ಮತ್ತೆ ದಿಂಬಿನ ಕೆಳಗೆ ತೂರಿಸಿಟ್ಟಳು. ಹೊರಗೆ ಎಲ್ಲೋ ಯಾರೋ ಬಕೆಟ್ಟಿಗೆ ನೀರು ಬಿಡುತ್ತಿದ್ದರು, ಆ ಸದ್ದು ತುಂಬಿಕೊಳ್ಳುತ್ತ ಹೋಗಿ ನಿಂತಿತು.

"ಆಯ್ತು. ಬಂದಿದ್ದಳು ಅಂತೀನಿ," ಅಂದಳು ಕೊನೆಗೆ. "ಬದಲಿ ನಿಂತು ನಿಂತು ನನಗೆ ಅಭ್ಯಾಸ ಇದೆ. ಕೆಲಸ ಹೋದೋಳ ಮುಖ ಹೇಗಿರುತ್ತೆ ಅಂತಾನೂ ಗೊತ್ತು. ಆದ್ರೆ ನೀನು ಮತ್ತೆ ಈ ಬಾಗಿಲಿಗೆ ಬರಬಾರದು. ನಿನ್ನ ಮುಖ ನಾನು ನೋಡಲ್ಲ."

ಕೆಲಸ ಉಳಿಯಿತು. ಬಸ್ಸಿನಲ್ಲಿ ಕೇಳಿಕೊಂಡಿದ್ದು ಇದನ್ನೇ ಅಲ್ಲವೇ? ಬೀಗದಕೈ ಎದ್ದಳು, ಥ್ಯಾಂಕ್ಸ್ ಎಂದಳು, ಆ ಪದ ಬಾಯಲ್ಲಿ ಮರಳಿನ ಹಾಗೆ ಉಳಿಯಿತು. ಮೂರು ಮುಕ್ಕಾಲು. ಮೇಲ್ವಿಚಾರಕಿ ಬರುವ ಮುಂಚೆ ಇಳಿದು ಹೋಗಬಹುದು ಎಂದು ಎರಡು ಹೆಜ್ಜೆ ಇಟ್ಟಿದ್ದಳು, ಅಷ್ಟೇ.

ಬಾಗಿಲು ಬಡಿದ ಸದ್ದು. ಮೂರು ಬಡಿತ, ಒಂದೇ ಅಳತೆಯವು. ಆ ಬಡಿತ ಅವಳಿಗೆ ಗೊತ್ತಿತ್ತು, ಕಚೇರಿಯ ಮೇಜಿನ ಮೇಲೆ ಪೆನ್ನಿನಿಂದ ಬಡಿಯುವುದೂ ಹೀಗೇ. ಹೇಳಿದ ಹೊತ್ತಿಗಿಂತ ಕಾಲು ಗಂಟೆ ಮುಂಚೆ ಬರುವುದು ಅವಳ ಚಾಳಿ, ಇವತ್ತು ಅದು ನೆನಪಾಗದೇ ಹೋಗಿತ್ತು.

ಬೀಗದಕೈ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಗದ್ದದಿಂದಲೇ ಅಡುಗೆಮನೆ ತೋರಿಸಿದಳು. "ಹೋಗಿ ನಿಂತ್ಕೋ. ಉಸಿರು ಬಿಡಬೇಡ. ನಾನೇ ತೆಗೀತೀನಿ."

ಅಡುಗೆಮನೆ ಮುಂಬಾಗಿಲಿಗೆ ಹತ್ತಿರವೇ ಇತ್ತು, ನಡುವೆ ಬರೀ ಒಂದು ಪರದೆ. ಬೀಗದಕೈ ಅದರ ಹಿಂದೆ ನಿಂತಳು. ಪರದೆಯ ಸಂದಿಯಿಂದ ಇಡೀ ಮನೆ ಕಾಣುತ್ತಿತ್ತು. ಅಜ್ಜಿ ಮಂಚದಿಂದ ಏಳುತ್ತಿದ್ದಳು. ಎದ್ದಳು. ಕುರ್ಚಿ ಹಿಡಿದಳು. ತಳ್ಳಿದಳು, ಹೆಜ್ಜೆ ಇಟ್ಟಳು. ತಳ್ಳಿದಳು.

ಮತ್ತೆ ಮೂರು ಬಡಿತ.

"ಬಂದೇ..." ಅಂದಳು ಅಜ್ಜಿ. ಆ ಕೂಗು ನಾಲ್ಕು ಮಾರು ದೂರದ ಬೀಗದಕೈಗೇ ಸರಿಯಾಗಿ ಕೇಳಲಿಲ್ಲ. ಬಾಗಿಲಾಚೆಗೆ ಹೇಗೆ ಕೇಳೀತು?

ಹೊಲಿಗೆ ಯಂತ್ರ ದಾಟಿದಳು. ಪೆಟ್ಟಿಗೆಗೆ ಕೈ ಚಾಚಿದಳು. ಆಗಷ್ಟೇ ಒಮ್ಮೆ ನಡೆದು ಬಂದಿದ್ದರಿಂದ ದಣಿದಿದ್ದಳು, ಕಾಲು ನಡುಗುತ್ತಿತ್ತು. ಹೊರಗೆ ಕಾಗದದ ಪರಪರ. ಮೇಲ್ವಿಚಾರಕಿ ಏನೋ ಬರೆಯುತ್ತಿದ್ದಳು. ಏನು ಬರೆಯುತ್ತಿದ್ದಾಳೆ ಎನ್ನುವುದು ಬೀಗದಕೈಗೆ ಅಕ್ಷರ ಅಕ್ಷರವಾಗಿ ಗೊತ್ತಿತ್ತು. ಅದನ್ನು ಅವಳು ಎಷ್ಟು ಸಲ ಬರೆದಿಲ್ಲ!

ಬರೆದು ಹೋಗಲಿ. ಹೋಗಿಬಿಡಲಿ. ಅಜ್ಜಿ ಸುಳ್ಳು ಹೇಳುವ ಪ್ರಸಂಗವೂ ಬರುವುದಿಲ್ಲ. ಯಾರೂ ಸುಳ್ಳು ಹೇಳದೆ ಎಲ್ಲ ಮುಗಿಯುತ್ತದೆ. ಬೀಗದಕೈ ಅದನ್ನೇ ಬೇಡಿಕೊಂಡಳು, ಮನಸಾರೆ ಬೇಡಿಕೊಂಡಳು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹೊರಗೆ ಚಪ್ಪಲಿಯ ಸದ್ದು ತಿರುಗಿತು. ಒಂದು ಮೆಟ್ಟಿಲು, ಎರಡು ಮೆಟ್ಟಿಲು.

ಪೆಟ್ಟಿಗೆಯ ಮೇಲೆ ಕೈಯಿಟ್ಟಿದ್ದ ಅಜ್ಜಿ ನಿಂತುಬಿಟ್ಟಳು. ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ, ಯಾರಿಗೂ ಅಲ್ಲ, ತನಗೇ ಎಂಬಂತೆ, "ಹೋದ್ಲು" ಅಂದಳು. ಹಾಗಂದು ಕುರ್ಚಿಯನ್ನು ಮಂಚದ ಕಡೆ ತಿರುಗಿಸತೊಡಗಿದಳು. ಆ ತಿರುಗಿಸುವುದರಲ್ಲಿ ಒಂದು ಅಭ್ಯಾಸ ಇತ್ತು. ಮೊದಲು ಹಿಂದಿನ ಕಾಲು, ಆಮೇಲೆ ಮುಂದಿನದು. ಎಷ್ಟೋ ಸಲ ಹೀಗೆ ಅರ್ಧ ದಾರಿಯಿಂದ ತಿರುಗಿದವಳ ಅಭ್ಯಾಸ ಅದು.

ಬೀಗದಕೈಗೆ ಅದನ್ನು ನೋಡಲಾಗಲಿಲ್ಲ. ಪರದೆ ಸರಿಸಿ ಬಾಗಿಲಿಗೆ ಬಾಯಿ ಹಚ್ಚಿ ಕೂಗಿದಳು. "ಮೇಡಂ! ಹೋಗಬೇಡಿ! ಅವರು ಬರ್ತಾ ಇದ್ದಾರೆ. ನಿಲ್ಲಿ!"

ಚಪ್ಪಲಿಯ ಸದ್ದು ನಿಂತಿತು. ಇಡೀ ಕಟ್ಟಡವೇ ನಿಂತ ಹಾಗಾಯಿತು.

"ಯಾರದು?" ಕೆಳಗಿನಿಂದ ಮೇಲ್ವಿಚಾರಕಿಯ ದನಿ. ಆಮೇಲೆ ನಂಬಲಾರದ ಹಾಗೆ, "ನೀವಾ?"

"ನಾನೇ. ಮೇಲೆ ಬನ್ನಿ. ಬಂದು ಬಾಗಿಲಲ್ಲಿ ನಿಲ್ಲಿ. ಅವರಿಗೆ ಹೊತ್ತು ಬೇಕು."

ಚಿಲಕ ಅವಳ ಮೂಗಿನ ಮುಂದೆಯೇ ಇತ್ತು. "ಮುಟ್ಟಬೇಡ," ಅಂದಳು ಅಜ್ಜಿ ಹಿಂದಿನಿಂದ. ಬೀಗದಕೈ ಮುಟ್ಟಲಿಲ್ಲ, ಗೋಡೆಗೆ ಒರಗಿ ದಾರಿ ಬಿಟ್ಟಳು. ಅಜ್ಜಿ ಕುರ್ಚಿಯನ್ನು ಮತ್ತೆ ಬಾಗಿಲ ಕಡೆ ತಿರುಗಿಸಿದಳು. ಪೆಟ್ಟಿಗೆ ದಾಟಿದಳು. ಮೇಜಿನ ಬಳಿ ನಿಂತು ಉಸಿರು ತೆಗೆದುಕೊಂಡಳು. ಬಾಗಿಲ ಆಚೆ ಒಬ್ಬಳು ಅಲುಗದೆ ನಿಂತಿದ್ದಳು, ಈಚೆ ಒಬ್ಬಳು. ಬೀಗದಕೈಗೆ ಆ ಎರಡೂವರೆ ನಿಮಿಷ ಮನೆಯಲ್ಲಿ ಕಳೆದ ಆ ನಾಲ್ಕು ವರ್ಷಕ್ಕಿಂತ ಉದ್ದವಾಯಿತು. ಅದರಲ್ಲೊಂದು ವಿಚಿತ್ರ, ಭಯ ಹೋಗಿತ್ತು. ದುಃಖ ಇತ್ತು, ಭಯ ಇರಲಿಲ್ಲ.

ಚಿಲಕ ಸರಿಯಿತು.

ಮೇಲ್ವಿಚಾರಕಿ ಮೊದಲು ಅಜ್ಜಿಯನ್ನು ನೋಡಿದಳು, ಕುರ್ಚಿಯನ್ನು ನೋಡಿದಳು, ಆಮೇಲೆ ಬೀಗದಕೈಯನ್ನು ನೋಡಿದಳು. ಅವಳ ಕೈಯ ಹಾಳೆಯಲ್ಲಿ ಶಾಯಿ ಇನ್ನೂ ಆರಿರಲಿಲ್ಲ.

"ಹಲ್ಲುನೋವು ಅಂದಿದ್ರಿ."

"ಸುಳ್ಳು. ಐದನೇ ಭೇಟೀನೂ ಸುಳ್ಳು. ಮಂಗಳವಾರ ನಾನು ಮೆಟ್ಟಿಲೇ ಹತ್ತಲಿಲ್ಲ." ಇಷ್ಟನ್ನು ಹೇಳುವಾಗ ಬೀಗದಕೈ ತೊದಲಲಿಲ್ಲ. "ಅದಕ್ಕೇ ಇವರಿಗೆ ಒಂದು ಭೇಟಿ ಬಾಕಿ ಇದೆ. ಇದೇ ಆ ಐದನೇದು ಅಂತ ಬರ್ಕೊಳ್ಳಿ. ನೀವು ಬಡಿದ್ರಿ, ಅವರು ತೆಗೆದ್ರು."

"ಸೋಮವಾರ ಏನಾಗುತ್ತೆ ಅಂತ ಗೊತ್ತಿದೆಯಲ್ವಾ?"

"ಗೊತ್ತಿದೆ."

"ಇವಳು ಬಂದಿದ್ದಳು ಅಂತ ಹೇಳೋಕೆ ನಾನು ಒಪ್ಪಿದ್ದೆ," ಅಂದಳು ಅಜ್ಜಿ ನಡುವೆ ಬಾಯಿ ಹಾಕಿ. "ಇವಳೇ ಕೆಡಿಸಿಕೊಂಡ್ಲು. ಈಗ ನಿಂತೇ ಇರ್ತೀರೋ, ಒಳಗೆ ಬರ್ತೀರೋ? ನನಗೆ ಕಾಲು ಸೋಲ್ತಿದೆ."

ಮೇಲ್ವಿಚಾರಕಿ ಒಳಗೆ ಬರಲಿಲ್ಲ. ಅವಳ ಮುಖದಲ್ಲಿ ಕೋಪ ಬರಬೇಕಾಗಿತ್ತು, ಬಂದದ್ದು ಬೇರೆ ಏನೋ. ತಾನು ಬರೆದ ಸಾಲನ್ನು ನೋಡಿದಳು, ತಾನು ಇಳಿದ ಮೆಟ್ಟಿಲುಗಳನ್ನು ನೋಡಿದಳು.

"ನಿಮ್ಮ ಪಟ್ಟೀಲಿ ‘ಉತ್ತರವಿಲ್ಲ’ ಎಷ್ಟು?"

"ಹದಿನಾಲ್ಕು. ಇವರನ್ನ ಬಿಟ್ಟು."

"ಅಲ್ಲೆಲ್ಲ ಐದೈದು ಸಲ ಹೋಗಿದ್ರಾ?"

"ಹೋಗಿದ್ದೆ. ಅದು ನಿಜ."

"ಹೋದಾಗ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ರಿ?"

ಇಡೀ ಅಧ್ಯಯನದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಎಷ್ಟು ಸಲ ಹೋಗಬೇಕು ಎಂದು ಬರೆದಿದ್ದರು. ಯಾವ ಯಾವ ಹೊತ್ತಿಗೆ, ಯಾವ ಬಣ್ಣದ ಪೆನ್ನು, ಎಲ್ಲ ಬರೆದಿದ್ದರು.

"ಎರಡು ಸಲ ಬಡೀತಿದ್ದೆ," ಅಂದಳು ಬೀಗದಕೈ. "ಒಂದು ನಿಮಿಷ. ಹೆಚ್ಚಂದ್ರೆ ಒಂದೂವರೆ."

"ನಾನೂ ಅಷ್ಟೇ ನಿಂತಿದ್ದು," ಅಂದಳು ಮೇಲ್ವಿಚಾರಕಿ. ಹಾಳೆ ತಿರುಗಿಸಿ ಹಿಂಬದಿಯ ಖಾಲಿ ಪುಟ ಮೇಲೆ ಮಾಡಿಕೊಂಡು, ಅಲ್ಲೇ ಮೆಟ್ಟಿಲ ಮೇಲೆ ಕೂತಳು. "ಹೇಳಿ. ಆ ಹದಿನಾಲ್ಕೂ ಮನೆ. ಸೋಮವಾರದ ಮುಂಚೆ ನಿಮ್ಮ ಬಾಯಿಂದಾನೇ ನನಗೆ ಬೇಕು."

ಬೀಗದಕೈ ಕತ್ತಿನ ಗುರುತಿನ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಅಜ್ಜಿ ಕುರ್ಚಿಯ ಮೇಲೆ ಕೂತು ಕೇಳಲು ಸಿದ್ಧಳಾದಳು. ಹದಿನಾಲ್ಕು ಬಾಗಿಲೂ ಬೀಗದಕೈಗೆ ಬಣ್ಣದ ಸಮೇತ ನೆನಪಿದ್ದವು, ಒಂದೊಂದರ ಹಿಂದೆ ಕೇಳಿದ್ದ ಸದ್ದೂ ನೆನಪಿತ್ತು. ಆಗ ಅವಳು ಅವನ್ನು ಬಾಗಿಲು ತೆರೆಯಲು ಮನಸ್ಸಿಲ್ಲ ಎಂದೇ ಅರ್ಥ ಮಾಡಿಕೊಂಡಿದ್ದಳು.

"ಮೊದಲನೇದು, ಎಂಟನೇ ನಂಬರು," ಅಂದಳು. "ಹಸಿರು ಬಾಗಿಲು. ಒಳಗೆ ರೇಡಿಯೋ ಹಾಡ್ತಿತ್ತು. ನಾನು ಬಡಿದ ಕೂಡಲೇ ಆರಿಸಿದ್ರು."